ಕಸೆಸೀರೆಯ ಕೆಂಪು, ಮೈಕಿನ ತಂತಿ

ನವೆಂಬರ್ 30, 2025, ಭಾನುವಾರ

ಬೆಳಗಿನ ಮಂಗಳದವರೆಗೂ ಯಕ್ಷಗಾನದ ಆಟ ನೋಡಿ ಬಂದು, ಮಲಗಿ ಎದ್ದಾಗ ಮಧ್ಯಾಹ್ನ. ಕ್ಯಾಮೆರಾ ಕಾರ್ಡಿನಲ್ಲಿದ್ದ ಫೋಟೋಗಳನ್ನೆಲ್ಲ ಲೈಟ್‌ರೂಮಿಗೆ ಇಳಿಸಿದೆ. ಪಿ ಒತ್ತಿದರೆ ಇರಲಿ, ಎಕ್ಸ್ ಒತ್ತಿದರೆ ಬೇಡ. ಬಣ್ಣದ ವೇಷದ ಪ್ರವೇಶಕ್ಕೆ ಬೆರಳು ಎತ್ತದೆ ಕ್ಲಿಕ್ಕಿಸಿದ್ದರಿಂದ ಎಕ್ಸ್‌ಗೇ ಹೆಚ್ಚು ಕೆಲಸ. ಉಳಿದವಕ್ಕೆ ಪ್ರಸಂಗ, ವೇಷ, ಊರು ಎಂದು ಕೀವರ್ಡ್ ಹಾಕಿದೆ. ಚೆಂಡೆ, ಮದ್ದಳೆಯವರ ಹೆಸರನ್ನೂ ಸೇರಿಸಿದೆ. ವೇಷದ ಫೋಟೋ ಹಂಚುವವರಿಗೆ ಹಿಮ್ಮೇಳದವರ ನೆನಪಾಗುವುದು ಅಪರೂಪ.

ಡಿಸೆಂಬರ್ 2, ಮಂಗಳವಾರ

ಅಭಿನಂದನ ಗ್ರಂಥಕ್ಕೆಂದು ಆಯ್ದ ಅಭಿಮನ್ಯುವಿನ ಚಿತ್ರದಲ್ಲಿ ಮೈಕಿನ ತಂತಿ ಸರಿಯಾಗಿ ಕೇದಗೆ ಮುಂದಲೆಯ ಜರಿಯ ಮೇಲೇ ಹಾದುಹೋಗಿದೆ. ಹಿಂದಿನ ಪರದೆಯ ಮೇಲಿದ್ದರೆ ಲೈಟ್‌ರೂಮಿನಲ್ಲೇ ಒರೆಸಬಹುದಿತ್ತು. ಜರಿಯನ್ನು ಪಟ್ಟಿಗೆ ಪಟ್ಟಿ ಹೊಂದಿಸಿ ಕೂರಿಸಲು ಫೋಟೋಶಾಪೇ ಬೇಕು. ಕಂಟ್ರೋಲ್-ಇ ಒತ್ತಿದೆ.

ಅಲ್ಲಿಯವರೆಗೆ ಲೈಟ್‌ರೂಮ್ ಮೂಲ ಫೋಟೋವನ್ನು ಮುಟ್ಟಿರಲೇ ಇಲ್ಲ. ಬೆಳಕು ಇಷ್ಟು, ಹಳದಿ ಇಷ್ಟು ಎಂದು ತನ್ನ ಕ್ಯಾಟಲಾಗಿನಲ್ಲಿ ಲೆಕ್ಕ ಬರೆದಿಟ್ಟುಕೊಂಡಿತ್ತು, ಅಷ್ಟೆ. ಫೋಟೋಶಾಪಿಗೆ ಹೋಗಿ ಬರುವಾಗ ಆ ಲೆಕ್ಕವೆಲ್ಲ ಪಿಕ್ಸೆಲ್‌ಗಳಿಗೆ ಇಳಿದು ಹೊಸದೊಂದು ಟಿಫ್ ಫೈಲ್ ಹುಟ್ಟುತ್ತದೆ. 24 ಮೆಗಾಪಿಕ್ಸೆಲ್, 16 ಬಿಟ್ ಎಂದರೆ, ಕುಗ್ಗಿಸದಿದ್ದರೆ ಒಂದೇ ಲೇಯರಿಗೆ 144 ಎಂಬಿ. ಡಿಸ್ಕಿನ ಗತಿ ದೇವರೇ ಬಲ್ಲ.

ಕೆಲಸ ಮುಗಿದ ಮೇಲೆ ಕಂಟ್ರೋಲ್-ಎಸ್, ಮತ್ತೇನೂ ಇಲ್ಲ. ಆಗ ಹೆಸರಿಗೆ 'ಎಡಿಟ್' ಎಂಬ ಬಾಲ ಹಚ್ಚಿಕೊಂಡು ಟಿಫ್ ಮೂಲದ ಪಕ್ಕದಲ್ಲೇ ಬಂದು ಕೂರುತ್ತದೆ, ಕೀವರ್ಡ್ ಸಮೇತ. 'ಸೇವ್ ಆ್ಯಸ್' ಎಂದು ಬೇರೆ ಹೆಸರಿನಲ್ಲಿ ಬೇರೆ ಫೋಲ್ಡರಿಗೆ ಹಾಕಿದರೆ ಲೈಟ್‌ರೂಮಿಗೆ ಅದರ ಸುಳಿವೇ ಇರುವುದಿಲ್ಲ. ಮತ್ತೆ ಇಂಪೋರ್ಟ್ ಮಾಡಬೇಕು.

ಡಿಸೆಂಬರ್ 5, ಶುಕ್ರವಾರ

ಅಭಿಮನ್ಯು ವೇಷಧಾರಿಗಳೇ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಸ್ಕ್ರೀನ್ ನೋಡಿದವರು, "ತಂತಿ ಹೋದದ್ದು ಒಳ್ಳೆಯದಾಯ್ತು. ಆದರೆ ಮುಖ ಯಾಕೋ ನೀಲಿ ಹೊಡೀತದೆ ಮಾರಾಯ್ರೇ, ನಾನು ಹಚ್ಚಿದ ಬಣ್ಣ ಇದಲ್ಲ" ಎಂದರು. ಎಲ್‌ಇಡಿ ದೀಪದ ಪ್ರಸಾದ. ಟಿಫ್‌ಗೇ ಸ್ವಲ್ಪ ಹಳದಿ ಕೊಟ್ಟು ತೋರಿಸಿದೆ. ಆದರೆ ರಾ ಫೈಲಿನಲ್ಲಿ ಕೆಲ್ವಿನ್ ಲೆಕ್ಕ ತೋರಿಸುವ ಪಟ್ಟಿ ಟಿಫ್‌ನಲ್ಲಿ ಮೈನಸ್ 100ರಿಂದ ಪ್ಲಸ್ 100 ಅಷ್ಟೆ. ಸಣ್ಣ ತಿದ್ದುಪಡಿ ತಡೆಯುತ್ತದೆ, ದೊಡ್ಡದಾದರೆ ಮೂಲಕ್ಕೇ ಹೋಗಬೇಕು, ತಂತಿ ಒರೆಸುವ ಕೆಲಸ ಮೊದಲಿನಿಂದ. ಅದನ್ನು ವಿವರಿಸಿದರೆ ಅವರು ನಕ್ಕು, "ನಮ್ಮದೂ ಹಾಗೇ. ಬೇಸ್ ಬಣ್ಣ ತಪ್ಪಿದರೆ ಮೇಲಿನ ಗೆರೆ ಎಷ್ಟು ತಿದ್ದಿದರೂ ಆಗುವುದಿಲ್ಲ, ಒರೆಸಿ ಮತ್ತೆ ಚೌಕಿಯಲ್ಲಿ ಕೂರಬೇಕು" ಎಂದರು.

ಸ್ಮಾರ್ಟ್ ಆಬ್ಜೆಕ್ಟ್ ಆಗಿ ಕಳಿಸಿದರೆ ರಾ ಲೆಕ್ಕ ಒಳಗೇ ಉಳಿಯುತ್ತದೆ, ನಿಜ. ಆದರೆ ತಂತಿಯ ಜಾಗಕ್ಕೆ ಹಾಕಿದ ತೇಪೆ ಬೇರೆ ಲೇಯರಿನಲ್ಲಿ ಹಳೆಯ ಬಣ್ಣದಲ್ಲೇ ಕೂತಿರುತ್ತದೆ. ಬಿಳಿ-ಹಳದಿ ತೀರ್ಮಾನವಾಗದೆ ಕಂಟ್ರೋಲ್-ಇ ಒತ್ತಬಾರದು ಎಂಬ ಪಕ್ಷ ನನ್ನದು.

ಇನ್ನೊಂದು: ಟಿಫ್ ಅನ್ನು ಮತ್ತೆ ಕಳಿಸುವಾಗ ಲೈಟ್‌ರೂಮ್ ಮೂರು ದಾರಿ ಕೇಳುತ್ತದೆ. ಹೊಸ ತಿದ್ದುಪಡಿಗಳೊಂದಿಗೆ ನಕಲು ಎಂದರೆ ಲೇಯರ್‌ಗಳೆಲ್ಲ ಕೂಡಿ ಒಂದಾಗುತ್ತವೆ. ಲೇಯರ್ ಬೇಕೆಂದರೆ 'ಎಡಿಟ್ ಒರಿಜಿನಲ್'. ಹೆಸರು ಕೇಳಿ ಹೆದರಬೇಕಿಲ್ಲ. ಇಲ್ಲಿ ಒರಿಜಿನಲ್ ಎಂದರೆ ಆ ಟಿಫ್ಫೇ, ರಾ ಅಲ್ಲ.

ಡಿಸೆಂಬರ್ 8, ಸೋಮವಾರ

ಪುಟ ಕಟ್ಟುವ ಹುಡುಗನ ಫೋನ್: "ಸರ್, ಕಸೆಸೀರೆ ಕೆಂಪೆಲ್ಲ ಮಂಕು." ಫೋಲ್ಡರಿನಿಂದ ಟಿಫ್ ನೇರ ಎತ್ತಿಕೊಂಡಿದ್ದಾನೆ. ಅದು ಪ್ರೊಫೋಟೋ ಆರ್‌ಜಿಬಿ; ಅವನ ಸಾಫ್ಟ್‌ವೇರ್ ಪ್ರೊಫೈಲ್ ಓದದೆ ಎಸ್‌ಆರ್‌ಜಿಬಿ ಎಂದೇ ತಿಳಿದುಕೊಂಡಿದೆ. ಸಾಲದ್ದಕ್ಕೆ ಶುಕ್ರವಾರ ಕೊಟ್ಟ ಹಳದಿ ಕ್ಯಾಟಲಾಗಿನಲ್ಲಿದೆಯೇ ಹೊರತು ಫೈಲಿನ ಪಿಕ್ಸೆಲ್‌ಗಳಲ್ಲಿಲ್ಲ. ಲೈಟ್‌ರೂಮಿನಿಂದಲೇ ಎಸ್‌ಆರ್‌ಜಿಬಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆ. "ಈಗ ಕೆಂಪು ಕೆಂಪಾಗಿದೆ ಸರ್."

ಡಿಸೆಂಬರ್ 12, ಶುಕ್ರವಾರ

ಗ್ರಂಥಕ್ಕೆ ಹಳೆಯ ಫೋಟೋ ಬೇಕೆಂದು ಹಿಂದಿನ ಹಾರ್ಡ್ ಡಿಸ್ಕ್ ತೆಗೆದೆ. ಆಗ ಎಲ್ಲ ಪಿಕಾಸಾದಲ್ಲಿ. ಅದೂ ಮೂಲ ಮುಟ್ಟದೆ ಕ್ರಾಪು, ಬೆಳಕಿನ ಲೆಕ್ಕವನ್ನು ಪ್ರತಿ ಫೋಲ್ಡರಿನಲ್ಲೂ ಒಂದೊಂದು ಸಣ್ಣ ಐಎನ್‌ಐ ಫೈಲಿನಲ್ಲಿ ಬರೆಯುತ್ತಿತ್ತು. 2016ರಲ್ಲಿ ಗೂಗಲ್ ಪಿಕಾಸಾ ನಿಲ್ಲಿಸಿತು. ಫೋಟೋಗಳು ಹಾಗೇ ಇವೆ; ಮಾಡಿದ ಕ್ರಾಪನ್ನು ಲೈಟ್‌ರೂಮ್ ಓದುವುದಿಲ್ಲ. ಅಂದು ಬೇರೆ ಎಡಿಟರಿನಲ್ಲಿ ತಿದ್ದಿ ಪ್ರತ್ಯೇಕವಾಗಿ ಉಳಿಸಿದ ಕೆಲವು ಮಾತ್ರ ತಿದ್ದಿದಂತೆಯೇ ತೆರೆದುಕೊಂಡವು. ಅವುಗಳಲ್ಲಿರುವ ಒಬ್ಬ ಭಾಗವತರು ಈಗಿಲ್ಲ.

144 ಎಂಬಿಯ ಬಗ್ಗೆ ಗೊಣಗುವುದು ಬಿಟ್ಟೆ. ಗ್ರಂಥಕ್ಕೆ ಹೋದ ಪ್ರತಿ ಚಿತ್ರಕ್ಕೂ ಅಂತಿಮ ಟಿಫ್ ಬೇರೆಯೇ ಇಡುವುದು, ರಾ ಫೈಲುಗಳ ಲೆಕ್ಕ ಎಕ್ಸ್‌ಎಂಪಿ ಫೈಲಿನಲ್ಲೂ ಬರೆಯುವಂತೆ ಸೆಟ್ಟಿಂಗ್ ಹಾಕುವುದು. ಎರಡನೆಯದು ಇವತ್ತೇ ಆಯಿತು. ಮೊದಲನೆಯದಕ್ಕೆ 4 ಟಿಬಿ ಡಿಸ್ಕಿನ ಬೆಲೆ ವಿಚಾರಿಸಬೇಕು, ಉಡುಪಿಗೆ ಹೋದಾಗ.