ಫೈಬರ್ ತುದಿಯನ್ನು ಕಣ್ಣಿಗೆ ಹಿಡಿಯಬೇಡಿ

ಪಂಚಾಯ್ತಿ ಮುಂದಿನ ಕಟ್ಟೆಯಲ್ಲಿ ಈಗ ಮಳೆ ಬೆಳೆಯಷ್ಟೇ ಸಲ ಕೇಳಿಬರುವ ಇನ್ನೊಂದು ಮಾತಿದೆ: 'ನೆಟ್ ಇಲ್ವಂತೆ'. ಪಹಣಿಗೆ ಬಂದವರು ವಾಪಸ್ ಹೋಗುತ್ತಾರೆ. ಪಿಂಚಣಿ ಅರ್ಜಿ ಹಾಕಲು ಬಂದ ಅಜ್ಜಿ ಮತ್ತೊಂದು ದಿನದ ಬಸ್ ಚಾರ್ಜು ಹೊಂದಿಸಬೇಕು. ಆನ್‌ಲೈನ್ ಪಾಠ ಕೇಳುವ ಹುಡುಗಿ ಮೊಬೈಲ್ ಹಿಡಿದು ಟ್ಯಾಂಕಿನ ಮೇಲೆ ಹತ್ತುತ್ತಾಳೆ. ಬೈಗುಳ ಮಾತ್ರ ನೇರವಾಗಿ ಕೇಬಲ್ ಹುಡುಗನಿಗೆ ಹೋಗುತ್ತದೆ.

ಆ ಹುಡುಗ ನಿಜಕ್ಕೂ ಏನು ಕೆಲಸ ಮಾಡುತ್ತಾನೆ ಅಂತ ನೋಡೋಣ ಅನ್ನಿಸಿತು. ನಮ್ಮ ಬ್ಲಾಗಿನ ಗೆಳೆಯರು ಸೇರಿ ನಮ್ಮ ಹೋಬಳಿಯಲ್ಲಿ ಫೈಬರ್ ಕೆಲಸ ಮಾಡುವ ಒಬ್ಬ ಅಣ್ಣನ ಹಿಂದೆ ಒಂದು ವಾರ ಓಡಾಡಿದೆವು. ಅವರ ಹೆಸರು ಬರೆಯುವುದಿಲ್ಲ, ಅದು ಅವರದೇ ಕೋರಿಕೆ. ಹದಿನೈದು ವರ್ಷದಿಂದ ಕೇಬಲ್ ಎಳೆಯುತ್ತಿದ್ದಾರೆ. ಮೊದಲು ಡಿಶ್ಶು, ಈಗ ಫೈಬರ್ರು.

ಊರಿಗೆ ಫೈಬರ್ ಬಂದ ಕತೆ ಚಿಕ್ಕದು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಗಾಜಿನ ಎಳೆ ಮುಟ್ಟಿಸುವುದು ಅದರ ಗುರಿ. ಅದರ ಪಕ್ಕದಲ್ಲೇ ಊರೂರಿನ ಕೇಬಲ್ ಟಿವಿಯವರೂ ತಮ್ಮದೇ ಫೈಬರ್ ಎಳೆದರು. ಎರಡರಲ್ಲೂ ಕೆಲಸದ ರೀತಿ ಹೆಚ್ಚುಕಮ್ಮಿ ಒಂದೇ. ತಾಲ್ಲೂಕು ಕೇಂದ್ರದಲ್ಲೋ ಹೋಬಳಿಯಲ್ಲೋ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ. ಅದನ್ನು ಓಎಲ್‌ಟಿ ಅನ್ನುತ್ತಾರೆ. ಮನೆ ಅಥವಾ ಪಂಚಾಯ್ತಿಯ ಗೋಡೆಯ ಮೇಲೆ ಇರುವ ಚಿಕ್ಕ ಪೆಟ್ಟಿಗೆ ಓಎನ್‌ಟಿ. ನಡುವೆ ಗಾಜಿನ ಎಳೆ, ಎಳೆಯನ್ನು ಕವಲು ಮಾಡುವ ಸ್ಪ್ಲಿಟರ್.

ಆ ದೊಡ್ಡ ಪೆಟ್ಟಿಗೆಯ ಮುಖದಲ್ಲಿ ಸಾಲಾಗಿ ಚೌಕದ ತೂತುಗಳಿರುತ್ತವೆ. ಅವುಗಳಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದೊಂದು ಲೋಹದ ತುಂಡು. ಅಣ್ಣ ಅದನ್ನು 'ಮಾಡ್ಯೂಲು' ಅನ್ನುತ್ತಾರೆ, ಅಂಗಡಿಯಲ್ಲಿ 'ಎಸ್‌ಎಫ್‌ಪಿ' ಅಂತ ಕೇಳಬೇಕು. ವಿದ್ಯುತ್ತಿನ ಸಂಕೇತವನ್ನು ಬೆಳಕು ಮಾಡಿ ಕಳಿಸುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತ ಮಾಡುವುದು, ಈ ಎರಡೂ ಅದರ ಕೆಲಸ. ಒಳಗೊಂದು ಪುಟ್ಟ ಲೇಸರ್ ಇದೆ, ಬೆಳಕು ಹಿಡಿಯುವ ಒಂದು ಕಣ್ಣಿದೆ. ಒಂದು ಮಾಡ್ಯೂಲು ಕೆಟ್ಟರೆ ಅದರ ಕೆಳಗಿನ 32 ಮನೆ, ಕೆಲವು ಕಡೆ 64 ಮನೆ, ಒಟ್ಟಿಗೇ ಕತ್ತಲಾಗುತ್ತವೆ.

'ಇದನ್ನ ಹಾಕಾದು ಪೆನ್ ಡ್ರೈವ್ ಹಾಕ್ದಂಗೆ ಅನ್ಕೋತಾರೆ. ಅಲ್ಲ ಕಣ್ರಪ್ಪಾ' ಅಂದರು ಅಣ್ಣ.

ಮೊದಲು ಲೇಬಲ್ ಓದಬೇಕು. ಎಷ್ಟು ದೂರಕ್ಕೆ, ಯಾವ ಅಲೆಯುದ್ದದ ಬೆಳಕಿಗೆ, ಯಾವ ಬಗೆಯ ಫೈಬರಿಗೆ ಅಂತ ಅದರ ಮೇಲೆ ಬರೆದಿರುತ್ತದೆ. ಒಂದೇ ಎಳೆಯಲ್ಲಿ ಹೋಗುವ, ಬರುವ ಎರಡೂ ಕೆಲಸ ಮಾಡುವ ಮಾಡ್ಯೂಲುಗಳು ಜೋಡಿಯಲ್ಲಿ ಬರುತ್ತವೆ. ಈ ತುದಿಯದು 1310 ನ್ಯಾನೋಮೀಟರ್ ಬೆಳಕು ಕಳಿಸಿದರೆ ಆ ತುದಿಯದು 1310ನ್ನು ಹಿಡಿದು 1550ರಲ್ಲಿ ಕಳಿಸಬೇಕು. ಎರಡೂ ತುದಿಗೆ ಒಂದೇ ಬಗೆಯದನ್ನು ಹಾಕಿದರೆ ಇಬ್ಬರೂ ಮಾತಾಡುತ್ತಾರೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಇನ್ನೊಂದು ಎಚ್ಚರ ದೂರದ್ದು. 80 ಕಿಲೋಮೀಟರಿಗೆ ಮಾಡಿದ ಮಾಡ್ಯೂಲನ್ನು ತಂದು ಒಂದೇ ರೂಮಿನ ಎರಡು ಪೆಟ್ಟಿಗೆಗೆ ಗಿಡ್ಡ ಕೇಬಲಿನಲ್ಲಿ ಜೋಡಿಸಿದರೆ ಎದುರಿನ ಕಣ್ಣು ತಡೆಯುವುದಿಲ್ಲ, ಕೆಟ್ಟೇ ಹೋಗಬಹುದು. ಅಂಥ ಕಡೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ನಡುವೆ ಹಾಕಲೇಬೇಕು.

ಆಮೇಲೆ ಕೈ. ಒಣಹವೆಯ ದಿನ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಆ ಸ್ಥಿರ ವಿದ್ಯುತ್ತು ನಮಗೆ ಚುರುಕ್ ಅನ್ನುವಷ್ಟು ಇರಬೇಕಾಗಿಲ್ಲ, ಅದಕ್ಕಿಂತ ಬಹಳ ಕಡಿಮೆ ಇದ್ದರೂ ಒಳಗಿನ ಲೇಸರಿಗೆ ಏಟು ಬೀಳುತ್ತದೆ. ಅದಕ್ಕೇ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ಅದರ ವೈರನ್ನು ಅರ್ತಿಂಗಿಗೆ ಸಿಕ್ಕಿಸುತ್ತಾರೆ. ಮಾಡ್ಯೂಲನ್ನು ಪಕ್ಕದ ಅಂಚುಗಳಲ್ಲಿ ಹಿಡಿಯಬೇಕು, ಹಿಂಬದಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬಾರದು. ರಬ್ಬರ್ ಮುಚ್ಚಳ ಹಾಗೇ ಇರಲಿ. ನೇರವಾಗಿ ತಳ್ಳಿದರೆ ಟಕ್ ಅಂತ ಕೂರುತ್ತದೆ. ಕೂರದಿದ್ದರೆ ತಲೆಕೆಳಗಾಗಿ ಹಿಡಿದಿದ್ದೀರಿ ಅಂತ, ಬಲ ಹಾಕಿದರೆ ತೂತೇ ಹಾಳು. ಕೂತ ಮೇಲೆ ಮುಚ್ಚಳ ತೆಗೆದು, ಕೇಬಲ್ ತುದಿ ಒರೆಸಿ, ಕೊನೆಗೆ ಕೇಬಲ್ ಸಿಕ್ಕಿಸಬೇಕು. ತೆಗೆಯುವಾಗ ಉಲ್ಟಾ: ಮೊದಲು ಕೇಬಲ್, ಆಮೇಲೆ ಮುಚ್ಚಳ, ಆಮೇಲೆ ಪುಟ್ಟ ಹಿಡಿಕೆ ಇಳಿಸಿ ಮಾಡ್ಯೂಲು. ಪೆಟ್ಟಿಗೆ ಆಫ್ ಮಾಡುವ ಅಗತ್ಯವಿಲ್ಲ, ಚಾಲೂ ಇದ್ದಾಗಲೇ ಬದಲಿಸುವಂತೆ ಮಾಡಿದ ವಸ್ತು ಅದು. ಆದರೆ ಆಗಲೇ ತೆಗೆದದ್ದು ಕೈ ಚುರುಕ್ ಅನ್ನುವಷ್ಟು ಬಿಸಿ ಇರುತ್ತದೆ.

ಈಗ ನಾವು ಹೇಳಲೇಬೇಕಾದ ಮಾತು, ಕಣ್ಣಿನದು.

ಮನುಷ್ಯರ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರಿನವರೆಗೆ. ಫೈಬರಿನಲ್ಲಿ ಓಡುವುದು 1310, 1490, 1550. ಅಂದರೆ ತುಂಡಾದ ಕೇಬಲಿನ ತುದಿಯಿಂದ ಬೆಳಕು ಬರುತ್ತಲೇ ಇದ್ದರೂ ನಮಗೆ ಕಾಣುವುದು ಬರೀ ಕತ್ತಲು. ಬಿಸಿಲು ನೋಡಿದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಈ ಬೆಳಕಿಗೆ ಮುಚ್ಚುವುದಿಲ್ಲ. 1400ಕ್ಕಿಂತ ಕೆಳಗಿನ ಅಲೆಯುದ್ದದ ಬೆಳಕು ಕಣ್ಣಿನ ಹಿಂದಿನ ಪರದೆಯವರೆಗೂ ಹೋಗಬಲ್ಲದು. ಆ ಪರದೆಗೆ ನೋವು ಗೊತ್ತಾಗುವ ನರಗಳೇ ಇಲ್ಲ. ಸುಟ್ಟರೂ ಉರಿಯುವುದಿಲ್ಲ. 1550ರದು ಹೆಚ್ಚಾಗಿ ಕಣ್ಣಿನ ಮುಂಭಾಗದಲ್ಲೇ ಹೀರಿಕೊಳ್ಳುತ್ತದೆ, ಜೋರಿದ್ದರೆ ಅಲ್ಲಿ ಸುಡುತ್ತದೆ.

ಹೆದರಿಸಲು ಬರೆಯುತ್ತಿಲ್ಲ. ಮನೆಯ ಓಎನ್‌ಟಿ, ಸಾಮಾನ್ಯ ಮಾಡ್ಯೂಲುಗಳ ಮೇಲೆ 'ಕ್ಲಾಸ್ 1' ಅಂತ ಬರೆದಿರುತ್ತದೆ. ಸರಿಯಾಗಿ ಬಳಸಿದರೆ ಅಪಾಯವಿಲ್ಲದ ದರ್ಜೆ ಅದು. ಆದರೆ ಅದೇ ತುದಿಯನ್ನು ಭೂತಗನ್ನಡಿಯಲ್ಲೋ ಮೈಕ್ರೋಸ್ಕೋಪಿನಲ್ಲೋ ನೋಡಿದರೆ ಬೆಳಕು ಒಂದೇ ಬಿಂದುವಿಗೆ ಕೂಡಿಬಿಡುತ್ತದೆ. ಆಗ ಲೆಕ್ಕ ಬೇರೆ. ಇನ್ನೂ ದೊಡ್ಡ ಚಿಂತೆ ಕೇಬಲ್ ಟಿವಿ ಸಿಗ್ನಲ್ಲಿನದು. ಅದನ್ನು 1550ರಲ್ಲಿ ಕಳಿಸುವಾಗ ಇಡಿಎಫ್‌ಎ ಅನ್ನುವ ಯಂತ್ರ ಬೆಳಕನ್ನು ಬಲಪಡಿಸುತ್ತದೆ. ಒಂದು ಪೋರ್ಟಿನಲ್ಲಿ 100 ಮಿಲಿವ್ಯಾಟ್ ಬೆಳಕು ಹೊರಬರುವುದು ವಿಶೇಷವೇನಲ್ಲ. ಇಂಟರ್‌ನೆಟ್ಟಿನ ಮಾಡ್ಯೂಲು ಕಳಿಸುವುದು ಎರಡು ಮೂರು ಮಿಲಿವ್ಯಾಟ್ ಅಷ್ಟೇ. ನಮ್ಮ ಕಡೆ ಎಷ್ಟೋ ಊರಿನಲ್ಲಿ ಟಿವಿ, ನೆಟ್ಟು ಎರಡೂ ಒಂದೇ ಎಳೆಯಲ್ಲಿ ಬರುತ್ತವೆ. ಹೊರಗಿನಿಂದ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಅಣ್ಣನ ಜೊತೆ ಹೊಸದಾಗಿ ಸೇರಿದ ಹುಡುಗ ಒಬ್ಬನಿದ್ದ. ಪಿಯುಸಿ ಮುಗಿಸಿ ಬಂದವನು. ಎರಡನೇ ದಿನ ಒಂದು ಹಳ್ಳಿಯ ಕಂಬದ ಹತ್ತಿರ ಪ್ಯಾಚ್ ಕಾರ್ಡ್ ಬಿಚ್ಚಿ, ಬೆಳಕು ಬರ್ತಿದೆಯಾ ಅಂತ ಕಣ್ಣಿನ ಹತ್ತಿರ ತಂದ. ಅಣ್ಣ ಮಾತಾಡಲಿಲ್ಲ, ಕೈ ಮೇಲೆ ಒಂದು ಹೊಡೆದರು. ಆಮೇಲೆ ಮೆಲ್ಲಗೆ ಅಂದರು: 'ನೋಡಪ್ಪಾ, ಬಾವೀಲಿ ನೀರೈತಾ ಅಂತ ಬಗ್ಗಿ ನೋಡ್ದಂಗಲ್ಲ ಇದು. ಮೀಟರ್ ಯಾಕ್ ಕೊಟ್ಟಿರಾದು ನಿಂಗೆ?' ಹುಡುಗ ಮೊಬೈಲ್ ಕ್ಯಾಮೆರಾದಲ್ಲಿ ನೋಡ್ತೀನಿ ಅಂದ. ಟಿವಿ ರಿಮೋಟಿನ ಬೆಳಕು ಮೊಬೈಲಿನಲ್ಲಿ ಕಾಣುತ್ತದೆ ಅಂತ ಅವನಿಗೆ ಗೊತ್ತಿತ್ತು. ಅದು ನಿಜ, ರಿಮೋಟಿನದು 940ರ ಸುಮಾರಿನ ಬೆಳಕು. ಮೊಬೈಲಿನ ಕ್ಯಾಮೆರಾ 1100 ದಾಟಿದ ಬೆಳಕನ್ನು ಹಿಡಿಯುವುದೇ ಇಲ್ಲ. ಕ್ಯಾಮೆರಾದಲ್ಲಿ ಕತ್ತಲಿದೆ ಅಂತ ನಂಬಿ ಕಣ್ಣಿಟ್ಟರೆ ಕೆಟ್ಟಿತು.

ನಾವು ಆ ಹುಡುಗನನ್ನು ಕೇಳಿದೆವು, ಕೆಲಸಕ್ಕೆ ಸೇರಿದಾಗ ಯಾರಾದರೂ ಇದನ್ನು ಹೇಳಿಕೊಟ್ಟರಾ ಅಂತ. ಇಲ್ಲ. ಗುತ್ತಿಗೆದಾರರು ಒಂದು ಬ್ಯಾಗು, ಒಂದು ಏಣಿ ಕೊಟ್ಟು ಕಳಿಸಿದ್ದರು. ಕಣ್ಣಿಗೆ ಕನ್ನಡಕ ಇರಲಿಲ್ಲ, ಕೈಗೆ ಪಟ್ಟಿ ಇರಲಿಲ್ಲ. ಪಟ್ಟಿ ಅಣ್ಣ ತಮ್ಮ ದುಡ್ಡಲ್ಲಿ ತಂದದ್ದು. ಕನ್ನಡಕ ಬೇಕಾದದ್ದು ಗಾಜಿನ ಚೂರಿಗೆ. ಫೈಬರ್ ಕತ್ತರಿಸುವಾಗ ಉದುರುವ ತುಂಡು ಕೂದಲಿನಷ್ಟು ಸಣ್ಣ, ಬಣ್ಣವೇ ಇಲ್ಲ. ಬಟ್ಟೆಗೆ ಅಂಟಿ ಮನೆಗೆ ಹೋಗುತ್ತದೆ, ಮಗುವಿನ ಚರ್ಮಕ್ಕೂ ಚುಚ್ಚಬಹುದು. ಅಣ್ಣ ಪ್ರತಿ ಚೂರನ್ನೂ ಟೇಪಿಗೆ ಅಂಟಿಸಿ ಮುಚ್ಚಳದ ಡಬ್ಬಿಗೆ ಹಾಕುತ್ತಾರೆ. ಕೆಲಸದ ಜಾಗದಲ್ಲಿ ಬುತ್ತಿ ಬಿಚ್ಚುವುದಿಲ್ಲ. ಕೈ ತೊಳೆದು, ದೂರ ಹೋಗಿ ಊಟ.

ನೆಟ್ಟು ಕೆಡಲು ದೊಡ್ಡ ಕಾರಣ ಏನು ಅಂತ ಕೇಳಿದಾಗ ಜೆಸಿಬಿ ಅನ್ನುತ್ತಾರೆ ಅಂದುಕೊಂಡಿದ್ದೆವು. ಪೈಪ್‌ಲೈನ್ ಅಗೆತ, ರಸ್ತೆ ಅಗಲೀಕರಣ, ಮಂಗ, ಅಳಿಲು ಎಲ್ಲ ಇದ್ದದ್ದೇ. ಅವರು ಹೇಳಿದ್ದು 'ಧೂಳು' ಅಂತ. ಬೆಳಕು ಓಡುವ ಗಾಜಿನ ನಡುದಾರಿ ಬರೀ 9 ಮೈಕ್ರಾನ್ ಅಗಲ, ನಮ್ಮ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ನಮ್ಮ ಬಯಲುಸೀಮೆಯ ಕೆಮ್ಮಣ್ಣಿನ ಒಂದು ಕಣ ಆ ಬಾಯಿಗೆ ಕೂತರೆ ಬಾವಿಗೆ ಬಂಡೆ ಮುಚ್ಚಿದ ಹಾಗೆ. ಒರೆಸದೆ ಸಿಕ್ಕಿಸಿದರೆ ಆ ಕಣ ಎದುರಿನ ಗಾಜನ್ನೂ ಗೀಚುತ್ತದೆ.

ಅಂಗಿಯ ಅಂಚಿನಿಂದ ಒರೆಸುವುದು, ಉಫ್ ಅಂತ ಊದುವುದು ಎರಡೂ ತಪ್ಪು. ಬಟ್ಟೆಯಲ್ಲಿ ಎಳೆ, ಎಣ್ಣೆ, ಉಸಿರಿನಲ್ಲಿ ತೇವ. ಸ್ಯಾನಿಟೈಸರ್ ಇನ್ನೂ ಕೆಟ್ಟದ್ದು, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಪದರ ಕೂರುತ್ತದೆ. ನೂಲು ಬಿಡದ ಒರೆಸುವ ಕಾಗದ, ನೀರು ಬೆರೆಸದ ಐಸೋಪ್ರೊಪೈಲ್ ಆಲ್ಕೋಹಾಲ್, ಇಲ್ಲವೇ ಪೆನ್ನಿನಂತೆ ಕ್ಲಿಕ್ ಮಾಡುವ ಕ್ಲೀನರ್ ಬೇಕು. ಒರೆಸುವ ಮೊದಲು ಆ ಎಳೆಯಲ್ಲಿ ಬೆಳಕು ನಿಂತಿದೆ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಖಾಲಿ ಇರುವ ಪ್ರತಿ ತೂತಿಗೂ ಮುಚ್ಚಳ ಇರಬೇಕು. ಹಸಿರು ತುದಿಯನ್ನು ನೀಲಿ ತುದಿಗೆ ಜೋಡಿಸಲೂ ಬಾರದು. ಹಸಿರಿನ ಗಾಜು 8 ಡಿಗ್ರಿ ಓರೆಯಾಗಿ ಕೊರೆದದ್ದು, ನೀಲಿಯದು ನೇರ. ಕಣ್ಣಿಗೆ ಸರಿಯಾಗಿ ಕೂತಂತೆ ಕಂಡರೂ ನಡುವೆ ಸಂದು ಉಳಿಯುತ್ತದೆ.

ಮೀಟರಿನ ಲೆಕ್ಕವನ್ನೂ ಅಣ್ಣ ಹೇಳಿಕೊಟ್ಟರು. ಬೆಳಕನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ಅಳೆಯುತ್ತಾರೆ. ಪ್ರತಿ 3 ಇಳಿದರೆ ಬೆಳಕು ಅರ್ಧ. ಓಎಲ್‌ಟಿಯಿಂದ +3ರಲ್ಲಿ ಹೊರಟ ಬೆಳಕು ಮನೆಗೆ −27ರಲ್ಲಿ ಮುಟ್ಟಿದರೆ 1000 ಪಾಲಿನಲ್ಲಿ 1 ಪಾಲು ಮಾತ್ರ ಉಳಿದಿದೆ ಅಂತ ಅರ್ಥ. ಸಾಮಾನ್ಯ ಓಎನ್‌ಟಿ ಕೇಳಿಸಿಕೊಳ್ಳುವ ಕೊನೆಯ ಅಂಚೂ ಅದೇ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ 15ಕ್ಕಿಂತ ಹೆಚ್ಚು ತಿನ್ನುತ್ತದೆ. ಕಾಲುವೆಯ ನೀರನ್ನು 32 ಹೊಲಕ್ಕೆ ತಿರುಗಿಸಿದ ಮೇಲೆ ಕೊನೆಯವನ ಪಾಲಿಗೆ ಬರುವುದೇ ಅಷ್ಟು. ಅಲ್ಲಿ ಒಂದು ಧೂಳಿನ ಕಣ, ಗೋಡೆ ಮೊಳೆಗೆ ಸುತ್ತಿದ ಒಂದು ಬಿಗಿ ತಿರುವು ಸೇರಿದರೆ ಕೊನೆಯ ಹೊಲ ಒಣಗಿತು.

ಒಳ್ಳೆ ಮಾಡ್ಯೂಲು ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ: ಶಾಖ ಎಷ್ಟು, ವೋಲ್ಟೇಜ್ ಎಷ್ಟು, ಬೆಳಕು ಎಷ್ಟು ಹೋಗುತ್ತಿದೆ, ಎಷ್ಟು ಬರುತ್ತಿದೆ. ಲೇಸರ್ ಹಳತಾದಂತೆ ಅದೇ ಬೆಳಕಿಗೆ ಹೆಚ್ಚು ಕರೆಂಟ್ ಎಳೆಯುತ್ತದೆ. ಅಣ್ಣ ತಿಂಗಳಿಗೊಮ್ಮೆ ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಆ ಅಂಕಿ ಮೇಲೇರತೊಡಗಿದರೆ ಕೆಡುವ ಮೊದಲೇ ಬದಲಿಸುತ್ತಾರೆ. ಸಾಮಾನ್ಯ ಮಾಡ್ಯೂಲು ತಡೆಯುವುದು 70 ಡಿಗ್ರಿ ಶಾಖದವರೆಗೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಪೆಟ್ಟಿಗೆಯೊಳಗೆ, ಫ್ಯಾನಿಗೆ ಜೇಡರ ಬಲೆ ಕಟ್ಟಿದ್ದರೆ ಅದೇನು ದೂರವಲ್ಲ. ಪಂಚಾಯ್ತಿಯ ಓಎನ್‌ಟಿ ಮೇಲೆ ಹಳೇ ಫೈಲು ಪೇರಿಸಿದ್ದನ್ನು ನಾವೇ ಒಂದು ಕಡೆ ನೋಡಿದೆವು. ಗಾಳಿಯಾಡುವ ಕಿಂಡಿಯೇ ಮುಚ್ಚಿತ್ತು.

ಸಿಡಿಲಿನ ಮಾತೂ ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ಕೆಲವು ಕೇಬಲಿನೊಳಗೆ ಬಿಗಿಗೆ ಅಂತ ಉಕ್ಕು ಇರುತ್ತದೆ, ಅದರಲ್ಲಿ ಹರಿಯುತ್ತದೆ. ಪ್ಲಗ್ಗಿನ ಮೂಲಕವೂ ಏಟು ಬರುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ತೆಗೆದಿಡಿ. ಗುಡುಗುವಾಗ ಕಂಬ ಹತ್ತು ಅಂತ ಯಾರಿಗೂ ಒತ್ತಾಯ ಮಾಡಬೇಡಿ. ಕ್ರಿಕೆಟ್ ಮ್ಯಾಚಿನ ದಿನ ಅಣ್ಣನಿಗೆ ಬರುವ ಫೋನುಗಳನ್ನು ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಓದುವ ನಿಮಗೆ ನಾವು ಕೇಳಿಕೊಳ್ಳುವುದು ಇಷ್ಟು. ಹೊಲದ ಬದುವಿನಲ್ಲೋ ರಸ್ತೆ ಪಕ್ಕದಲ್ಲೋ ತುಂಡಾದ ಫೈಬರ್ ಕಂಡರೆ ಮುಟ್ಟಬೇಡಿ, ತುದಿಯನ್ನು ಕಣ್ಣಿಗೆ ಹಿಡಿಯಬೇಡಿ, ಮಕ್ಕಳು ಆಟಕ್ಕೆ ಒಯ್ಯದಂತೆ ನೋಡಿ. ಬಿದ್ದ ಕೇಬಲ್ ಕರೆಂಟ್ ಕಂಬದ್ದಾಗಿದ್ದರೆ ಲೈನ್‌ಮನ್‌ಗೆ ಮೊದಲು ತಿಳಿಸಿ. ಮನೆಯ ಪೆಟ್ಟಿಗೆಯ ಹಳದಿ ಅಥವಾ ಬಿಳಿ ಸಣ್ಣ ಕೇಬಲನ್ನು ಮೊಳೆಗೆ ಮಡಚಿ ಸುತ್ತಬೇಡಿ, ದೊಡ್ಡ ಬಳೆಯಷ್ಟು ಅಗಲದ ಸುರುಳಿ ಇರಲಿ. ಕೆಂಪು ದೀಪ ಮಿಣುಕಿದರೆ ಕಿತ್ತು ಸಿಕ್ಕಿಸಿ ನೋಡಬೇಡಿ, ಕಿತ್ತಷ್ಟು ಸಲ ಧೂಳು ಒಳಗೆ ಹೋಗುತ್ತದೆ. ಪ್ಲಗ್ ಆಫ್ ಮಾಡಿ ಆನ್ ಮಾಡಿ, ಆಗದಿದ್ದರೆ ಫೋನ್ ಮಾಡಿ.

ಪಂಚಾಯ್ತಿ ಸದಸ್ಯರು ಓದುತ್ತಿದ್ದರೆ ಇನ್ನೆರಡು ಮಾತು. ಅಗೆತಕ್ಕೆ ಅನುಮತಿ ಕೊಡುವ ಮೊದಲು ಫೈಬರ್ ಎಲ್ಲಿ ಹೋಗಿದೆ ಅಂತ ಗುರುತು ಮಾಡಿಸಿ. ನಿಮ್ಮ ಊರಿಗೆ ರಿಪೇರಿಗೆ ಬರುವ ಹುಡುಗನ ಬ್ಯಾಗಿನಲ್ಲಿ ಕನ್ನಡಕ, ಪವರ್ ಮೀಟರ್, ಕೈಪಟ್ಟಿ ಇವೆಯಾ ಅಂತ ಒಂದು ಸಲ ಕೇಳಿ. ಇಲ್ಲದಿದ್ದರೆ ಅವನನ್ನು ಕಳಿಸಿದವರಿಗೆ ಪಂಚಾಯ್ತಿಯ ಕಡೆಯಿಂದ ಒಂದು ಪತ್ರ ಬರೆಯಿರಿ. ಅವನೇ ಕೇಳಿದರೆ ನಾಳೆಯಿಂದ ಬರಬೇಡ ಅಂದುಬಿಡಬಹುದು, ಪಂಚಾಯ್ತಿಗೆ ಹಾಗೆ ಹೇಳಲಾರರು.