ಮೂಕಿ ಸಿನಿಮಾದಾಗಿನ ಕೋಳಿ

ಅಕ್ಕಾರ, ಅಮೆರಿಕಾದ ಲೋಯಿಸ್ ವೆಬರ್ ಅನ್ನೋ ಹೆಣಮಗಳು 1921ರಾಗ ‘ದಿ ಬ್ಲಾಟ್’ ಅಂತ ಮೂಕಿ ಸಿನಿಮಾ ತಗದಾಳ. ಕಾಲೇಜು ಮಾಸ್ತರರ ಮನಿ, ಪಗಾರ ಸಾಲಂಗಿಲ್ಲ. ಬಾಜೂಕ ಬೂಟಿನ ವ್ಯಾಪಾರದಾಗ ಗಳಿಸಿದವರ ಮನಿ, ಅಲ್ಲಿ ಊಟಕ್ಕ ಬರ ಇಲ್ಲ. ಮಾಸ್ತರರ ಮಗಳಿಗೆ ಜಡ್ಡಾಗತದ. ಅಂಗಡ್ಯಾಂವ ಕೋಳಿ ಉದ್ರಿ ಕೊಡಂಗಿಲ್ಲ. ತಾಯಿ ಬಾಜೂ ಮನಿ ಅಡಗಿಮನ್ಯಾಗಿನ ಕೋಳಿ ಎತ್ತಿಕೋತಾಳ, ಮನಸ್ಸು ತಡೀಲಾರದ ತಿರುಗಿ ಇಡತಾಳ. ಮಗಳು ತಗೊಂಡದ್ದಷ್ಟ ನೋಡ್ಯಾಳ, ಇಟ್ಟದ್ದು ನೋಡಿಲ್ಲ!

ಅಲ್ಲೇ ನನ್ನ ಎದಿ ಧಸಕ್ಕಂತು. ಬೀಗರು ಬಂದಾಗ ಸಕ್ರಿ ತರಾಕ ಮಗನ ಹುಂಡ್ಯಾಗಿಂದ ಇಪ್ಪತ್ತು ರೂಪಾಯಿ ತಗದಿದ್ದೆ. ಎಂಟು ದಿನಕ್ಕ ತಿರುಗಿ ಹಾಕಿದೆ. ಅಂವ ಯಾವುದು ನೋಡ್ಯಾನೋ, ಒಮ್ಮೆನೂ ಕೇಳಿಲ್ಲ. ಇವತ್ತು ರಾತ್ರಿ ಫೋನ್ ಹಚ್ಚಿ ನಾನ ಹೇಳಾಕಿ.