ಹೊಸ ಗಾಡಿ ತಗೊಳ್ಳೋ ಮುಂಚೆ: ಎಬಿಎಸ್ಸೋ, ಸಿಬಿಎಸ್ಸೋ?

ಗೋವಿನಜೋಳ ಮಾರಿ ಕೈಯಾಗ ನಾಲ್ಕು ದುಡ್ಡು ಬಂದ ಕೂಡಲೇ ನಮ್ಮ ಕಡೆ ಹೊಸ ಗಾಡಿ ಮಾತು ಶುರುವಾಗತೈತಿ. ಈ ಸಲ ನಮ್ಮ ಅಕ್ಕನ ಮಗನ ಪಾಳಿ. ಬೆಳಿಗ್ಗೆ ಐದಕ್ಕೇ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುವ ಹುಡುಗ. ಆಮೇಲೆ ತರಕಾರಿ ಹೇರಿಕೊಂಡು ಒಂದಿನ ಹಾನಗಲ್ಲಿಗೆ, ಒಂದಿನ ಶಿಗ್ಗಾಂವಿಗೆ. ಅವನಿಗಾಗಿ ನಾಲ್ಕು ಶೋರೂಮ್ ತಿರುಗಿದೆವು.

ಎಲ್ಲಾ ಕಡೆ ಮೊದಲು ತೋರಿಸಿದ್ದು ಮೀಟರ್. "ಮಾವ, ಫೋನ್ ಬಂದ್ರ ಇದರಾಗ ಹೆಸರು ಬರತೈತಿ ನೋಡ್ರಿ" ಅಂತ ಅವನೂ ಖುಷಿಯಾದ. ನಾನು ಬ್ರೇಕ್ ಬಗ್ಗೆ ಕೇಳಿದೆ. "ಸಿಬಿಎಸ್ ಐತ್ರೀ ಯಜಮಾನ್ರ, ಎಬಿಎಸ್ ಇದ್ದಂಗ ಅದು" ಅಂದರು. ಎರಡೂ ಒಂದೇ ಅಲ್ಲ.

2019ರ ಏಪ್ರಿಲ್ 1ರಿಂದ 125 ಸಿಸಿ ದಾಟಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಆದರೂ ನಡೆಯುತ್ತದೆ ಅಂತ ಬಿಟ್ಟರು. ನಾವು ರೈತರು ಹೆಚ್ಚಾಗಿ ತಗೊಳ್ಳೋದು ಈ ಸಣ್ಣ ಗಾಡಿಗಳನ್ನೇ. ಸಿಬಿಎಸ್ ಅಂದರೆ ಕಾಲಿನ ಬ್ರೇಕ್ ತುಳಿದಾಗ ಮುಂದಿನ ಗಾಲಿಗೂ ಸ್ವಲ್ಪ ಬ್ರೇಕ್ ಹೋಗುವ ಜೋಡಣೆ. ಬರೀ ಹಿಂದಿನ ಬ್ರೇಕ್ ನಂಬುವವರಿಗೆ ಅದೂ ಉಪಯೋಗದ್ದೇ. ಆದರೆ ಜೋರಾಗಿ ಒತ್ತಿದರೆ ಗಾಲಿ ಲಾಕ್ ಆಗೋದನ್ನ ಅದು ತಡೆಯೋದಿಲ್ಲ.

ಎಬಿಎಸ್‌ನಲ್ಲಿ ಗಾಲಿಯ ಪಕ್ಕ ಸೆನ್ಸರ್ ಇರುತ್ತದೆ. ಗಾಲಿ ನಿಲ್ಲೋಕೆ ಬಂತು ಅಂದ ಕೂಡಲೇ ಅದು ಸುದ್ದಿ ಮುಟ್ಟಿಸುತ್ತದೆ, ಯಂತ್ರ ಬ್ರೇಕನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತದೆ. ಇದೆಲ್ಲ ಕಣ್ಣು ಮಿಟುಕಿಸೋದ್ರೊಳಗೆ. ಮುಂದಿನ ಗಾಲಿ ಲಾಕ್ ಆದರೆ ಹ್ಯಾಂಡಲ್ ನಮ್ಮ ಮಾತು ಕೇಳಲ್ಲ, ಬಿದ್ದೆವು ಅಂತಲೇ ಲೆಕ್ಕ. ಅದಕ್ಕೇ ಕಡಿಮೆ ಬೆಲೆಯ ಗಾಡಿಗಳಲ್ಲಿ ಮುಂದಿನ ಗಾಲಿಗೆ ಮಾತ್ರ ಎಬಿಎಸ್ ಕೊಡುತ್ತಾರೆ, ಸಿಂಗಲ್ ಚಾನೆಲ್ ಅಂತಾರೆ. ಹಿಂದಿನದು ಜಾರಬಹುದು, ಅದನ್ನು ನಾವೇ ಸಂಭಾಳಿಸಬೇಕು.

ಈಗ ನಮ್ಮ ರಸ್ತೆ ಮಾತು. ಸುಗ್ಗಿ ಟೈಮಿಗೆ ಹಾನಗಲ್ಲಿಂದ ಹಿರೇಕೆರೂರ ಕಡೆ ಹೋಗಿ ನೋಡ್ರಿ, ಸವಣೂರ ಕಡೆ ಹೋದರೂ ಅದೇ. ಅರ್ಧ ರಸ್ತೆ ಗೋವಿನಜೋಳ, ಸುತ್ತ ಕಲ್ಲು. ಕಣ ಸಾಲದ್ದಕ್ಕೆ ಹಾಕ್ತೀವಿ, ನಾನೂ ರೈತನೇ, ಬೈಯೋಕೆ ಬರೆದಿಲ್ಲ. ಆದರೆ ಕಾಳಿನ ಮೇಲೆ ಗಾಲಿ ಹತ್ತಿದರೆ ಗೋಲಿಗುಂಡಿನ ಮೇಲೆ ನಿಂತಂಗ. ಅಲ್ಲಿ ಎಬಿಎಸ್ ಇದ್ದರೂ ಗಾಡಿ ನಿಲ್ಲೋಕೆ ಬೇಕಾಗುವ ದೂರ ಕಡಿಮೆ ಆಗಲ್ಲ, ಕೆಲವು ಸಲ ಜಾಸ್ತಿನೇ ಆಗುತ್ತದೆ. ಹ್ಯಾಂಡಲ್ ಕೈಯಲ್ಲಿ ಉಳಿಯುತ್ತದೆ, ಪಕ್ಕಕ್ಕೆ ತಪ್ಪಿಸಬಹುದು, ಅಷ್ಟೇ ಲಾಭ. ತಿರುವಿನಲ್ಲಿ ವಾಲಿದಾಗಂತೂ ಅದು ಕಾಪಾಡತೈತಿ ಅಂತ ನಂಬಬ್ಯಾಡ್ರಿ. ರಾಶಿ ಎತ್ತಿದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗೋರಿಗೆ ಮಾತ್ರ ಒಂದು ಮಾತು: ಕತ್ತಲಾಗ ಹಾಲು ಒಯ್ಯೋ ಹುಡುಗರು ಅದೇ ದಾರಿಯಲ್ಲಿ ಬರ್ತಾರೆ.

ನಾವು ಕೊನೆಗೆ ಫೋನಿನ ಮೀಟರ್ ಬಿಟ್ಟು, ಮುಂದೆ ಡಿಸ್ಕ್ ಮತ್ತು ಎಬಿಎಸ್ ಇರೋದನ್ನೇ ತಗೊಂಡ್ವಿ. ಕೆಲವು ಸಾವಿರ ಜಾಸ್ತಿ ಆಯಿತು. ಅಕ್ಕ "ಇದಕ್ಕ ಯಾಕ ಅಷ್ಟು ರೊಕ್ಕ" ಅಂದಳು. ಮಗ ದಿನಾ ಕತ್ತಲಾಗ ಹೋಗೋದು ನೆನಪಿಸಿದೆ, ಸುಮ್ಮನಾದಳು.

ತಂದ ಮೇಲೆ ಖಾಲಿ ಮೈದಾನದಲ್ಲಿ ಹೆಲ್ಮೆಟ್ ಹಾಕಿಸಿ, ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಸಿದೆ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿಗೆ ಗಡಗಡ ಅಂತ ಬಡಿಯುತ್ತದೆ. ಗೊತ್ತಿಲ್ಲದವರು ಗಾಬರಿಯಾಗಿ ಬ್ರೇಕ್ ಬಿಟ್ಟುಬಿಡ್ತಾರೆ. ಬಿಡಬಾರದು, ಹಿಡಿದೇ ಇರಬೇಕು. ಆಮೇಲೆ ಕ್ಯಾನ್ ಕಟ್ಟಿಯೂ ಮಾಡಿಸಿದೆ, ಭಾರ ಇದ್ದಾಗ ಗಾಡಿ ನಿಲ್ಲೋ ರೀತಿನೇ ಬೇರೆ.

ಭತ್ತದ ಗದ್ದೆ ರಾಡಿ ಸೆನ್ಸರ್ ಹತ್ತಿರ ಗಟ್ಟಿಯಾಗಿ ಕೂರದಂತೆ ನೋಡಿಕೊಳ್ಳಿ. ಆದರೆ ಔಷಧ ಹೊಡೆಯೋ ಪಂಪಿನಿಂದ ನೇರ ಅಲ್ಲಿಗೇ ನೀರು ಬಿಡಬೇಡಿ. ಚಾವಿ ತಿರುವಿದಾಗ ಎಬಿಎಸ್ ದೀಪ ಹತ್ತಿ, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದಿದ್ದರೆ ಸಾದಾ ಬ್ರೇಕ್ ಇರುತ್ತದೆ, ಎಬಿಎಸ್ ಇರಲ್ಲ, ತೋರಿಸಿ. ಎಕ್ಸ್ಟ್ರಾ ಲೈಟಿಗಾಗಿ ಎಲ್ಲೆಂದರಲ್ಲಿ ವೈರ್ ಕತ್ತರಿಸೋರ ಕೈಗೆ ಗಾಡಿ ಕೊಡಬೇಡಿ.

ಎರಡೂ ಗಾಲಿಗೆ ಎಬಿಎಸ್ ಇರೋ ಗಾಡಿಯನ್ನ ಹೊಲದ ದಾರಿಯಲ್ಲಿ, ಹೇರು ಹಾಕಿ ಓಡಿಸಿದವರು ಯಾರಾದರೂ ಇದ್ದರೆ ಅನುಭವ ಬರೀರಿ. ತಮ್ಮ ಕೂಡ ಮುಂದಿನ ಸುಗ್ಗಿಗೆ ಗಾಡಿ ಬದಲಿಸೋ ವಿಚಾರದಾಗ ಅದಾನ.